ತರೀಕೆರೆ ಸುತ್ತಿ ಬಂದ ಹ್ಞೂಂ

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಇಲಾಖೆಯವರು ನಮ್ಮಂಥ ಹಳೆಯ ಟೆಲಿಫೋನ್ ಆಪರೇಟರುಗಳನ್ನೆಲ್ಲ ಹಿಡಿದು ಕಂಪ್ಯೂಟರ್ ತರಬೇತಿಗೆ ಕಳಿಸಿದರು. ಕೈಯಿಂದ ಲೈನ್ ಜೋಡಿಸುವ ಬೋರ್ಡುಗಳ ಕಾಲ ಮುಗಿಯುತ್ತಿತ್ತು. ನಮ್ಮನ್ನು ಮನೆಗೆ ಕಳಿಸುವಂತಿಲ್ಲ, ಇಟ್ಟುಕೊಂಡರೆ ಮಾಡಿಸಲು ಕೆಲಸವಿಲ್ಲ. ನನಗಾಗ ನಲವತ್ತು ದಾಟಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪಾಠ ಹೇಳಲು ಬಂದವನು ನನ್ನ ಅರ್ಧ ವಯಸ್ಸಿನ ಮೇಷ್ಟ್ರು. ಕರಿಹಲಗೆಯ ಮೇಲೆ ಎರಡು ಚೌಕ ಬರೆದು ನಡುವೆ ಒಂದು ಗೆರೆ ಎಳೆದು, "ಒಂಟಿಯಾಗಿದ್ದರೆ ಇದು ಬರೀ ಲೆಕ್ಕದ ಯಂತ್ರ. ತಂತಿ ಹಾಕಿ ಇನ್ನೊಂದಕ್ಕೆ ಸೇರಿಸಿದರೆ ಜಾಲ, ನೆಟ್‌ವರ್ಕ್" ಎಂದ.

ಮುಂದಿನದನ್ನೂ ಅವನು ಚೆನ್ನಾಗಿಯೇ ಹೇಳಿದ, ಅದನ್ನು ಒಪ್ಪಬೇಕು. ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಸಂದೇಶವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ಯಾರಿಂದ ಯಾರಿಗೆ ಎಂದು ಬರೆದು ಕಳಿಸುತ್ತಾರೆ. ಒಂದು ದಾರಿ ಕೆಟ್ಟಿದ್ದರೆ ಇನ್ನೊಂದು ದಾರಿ ಹಿಡಿಯುತ್ತದೆ. ಆ ಕಡೆಯ ಯಂತ್ರ ತುಂಡು ಕೈಸೇರಿದೊಡನೆ 'ಬಂತು' ಎಂದು ಸ್ವೀಕೃತಿ ಕಳಿಸಬೇಕು. ಸ್ವೀಕೃತಿ ಬರದಿದ್ದರೆ ಈ ಕಡೆಯ ಯಂತ್ರ ಸ್ವಲ್ಪ ಕಾದು ಅದೇ ತುಂಡನ್ನು ಮತ್ತೆ ಕಳಿಸುತ್ತದೆ. ಇಷ್ಟನ್ನು ಕಲಿಯಲು ನಾನು ಕಡೂರಿನಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬರಬೇಕಿತ್ತೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಇದನ್ನೇ ಅಲ್ಲವೇ ನಾನು ಮೀಸೆ ಮೂಡಿದಾಗಿನಿಂದ ಮಾಡಿಕೊಂಡು ಬಂದದ್ದು!

ಎದ್ದು ನಿಂತು ಕೇಳಿದೆ: "ಸ್ವೀಕೃತಿ ಬಂತು ಸಾರ್, ಆದರೆ ಸಂದೇಶ ತಲುಪಿಯೇ ಇರಲಿಲ್ಲ. ಆಗೇನು ಮಾಡುತ್ತೆ ನಿಮ್ಮ ಯಂತ್ರ?"

ಮೇಷ್ಟ್ರು ನಕ್ಕ. "ಹಾಗಾಗಲ್ಲ ಸಾರ್. ಸಂದೇಶ ಬಾರದೆ ಸ್ವೀಕೃತಿ ಹುಟ್ಟೋದೇ ಇಲ್ಲ. ಯಂತ್ರಕ್ಕೆ ಸುಳ್ಳು ಬರಲ್ಲ."

ತರಗತಿಯೂ ನಕ್ಕಿತು. ನಾನು ಕೂತುಬಿಟ್ಟೆ. ಸಂದೇಶ ಬಾರದೆ ಹುಟ್ಟಿದ ಸ್ವೀಕೃತಿಯನ್ನು ನಾನು ಕಿವಿಯಾರೆ ಕೇಳಿದವನು. ಅದು ನಮ್ಮ ಅಕ್ಕನದು.

ಎಪ್ಪತ್ತರ ದಶಕದ ಮೊದಲಲ್ಲಿ ಕಡೂರಿನ ಬೋರ್ಡಿನ ಮುಂದೆ ಕೂತಾಗ ನನಗೆ ಯಾವ ಜಾಲದ ಮಾತೂ ಗೊತ್ತಿರಲಿಲ್ಲ. ಎದುರಿಗೆ ಮರದ ಹಲಗೆ, ಅದರ ತುಂಬ ತೂತು, ಪ್ರತಿ ತೂತಿನ ಮೇಲೆ ಒಂದು ಪುಟ್ಟ ಹಿತ್ತಾಳೆ ಮುಚ್ಚಳ. ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಒಳಗೆ ತಂತಿಯಿದ್ದ ಒಂದು ದಾರದ ತುದಿ ಅಲ್ಲಿಗೆ ಚುಚ್ಚಿ, "ಯಾವ ನಂಬರ್ ಬೇಕು?" ಎಂದು ಕೇಳಿ, ಇನ್ನೊಂದು ತುದಿಯನ್ನು ಅವರಿಗೆ ಬೇಕಾದ ತೂತಿಗೆ ಚುಚ್ಚಿದರೆ ನನ್ನ ಕೆಲಸ ಆಯಿತು. ಊರೊಳಗಿನ ಮಾತಿಗೆ ಇಷ್ಟು ಸಾಕು. ಊರಾಚೆಗಾದರೆ ನನ್ನ ದಾರ ಇನ್ನೊಂದು ಊರಿನ ಬೋರ್ಡಿಗೆ ಹೋಗುತ್ತಿತ್ತು, ಅಲ್ಲಿಯ ಆಪರೇಟರ್ ಅದನ್ನು ಮುಂದಿನ ಊರಿಗೆ ಚುಚ್ಚುತ್ತಿದ್ದ. ಹೀಗೆ ಕೈಯಿಂದ ಕೈಗೆ ದಾಟಿಕೊಂಡು ಮಾತು ಊರು ಸೇರುತ್ತಿತ್ತು.

ಹಳ್ಳಿಗಳದ್ದು ಇನ್ನೊಂದು ಪರಿ. ಹಿರೇನಲ್ಲೂರು, ಸಿಂಗಟಗೆರೆ ಕಡೆಯ ಅಂಚೆಮನೆಗಳಿಗೆಲ್ಲ ಸೇರಿ ಇದ್ದದ್ದು ಒಂದೇ ತಂತಿ. ಒಬ್ಬರಿಗೆ ಗಂಟೆ ಹೊಡೆದರೆ ಎಲ್ಲ ಕಡೆಯೂ ಹೊಡೆಯುತ್ತಿತ್ತು. ಅದಕ್ಕೆ ಒಂದೊಂದು ಊರಿಗೆ ಒಂದೊಂದು ಗುರುತು: ಸಿಂಗಟಗೆರೆಗೆ ಒಂದು ಉದ್ದ, ಎರಡು ಗಿಡ್ಡ. ತನ್ನ ಗುರುತು ಕೇಳಿದವನು ಮಾತ್ರ ಎತ್ತಬೇಕೆಂಬುದು ನಿಯಮ. ಆದರೆ ಕೊಬ್ಬರಿ ಧಾರಣೆ ಮಾತಾಡುವ ಹೊತ್ತಿಗೆ ಎಲ್ಲ ಊರಿನವರೂ ಎತ್ತಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಕಿವಿಗಳು ಹೆಚ್ಚಿದಷ್ಟೂ ದನಿ ಸಣ್ಣಗಾಗುತ್ತಿತ್ತು. "ಕದ್ದು ಕೇಳೋರೆಲ್ಲ ಕೆಳಗಿಡ್ರಪ್ಪಾ!" ಎಂದು ನಾನು ಗದರಿದರೆ ಖಟ್ ಖಟ್ ಎಂದು ಸಾಲಾಗಿ ಇಟ್ಟ ಸದ್ದು ಬರುತ್ತಿತ್ತು. ಮಾತಾಡುವ ಮೊದಲು ತಂತಿ ಖಾಲಿಯಿದೆಯೇ ಎಂದು ಕೇಳಿಸಿಕೊಳ್ಳಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಬೇಕು. ನಮ್ಮವರ ಮರ್ಯಾದೆ ಎಷ್ಟೆಂದರೆ, ನೀವು ಹೇಳಿ, ಇಲ್ಲ ನೀವು ಹೇಳಿ ಎನ್ನುವುದರಲ್ಲೇ ಕೊಟ್ಟ ಹೊತ್ತು ಕಳೆದುಹೋಗುತ್ತಿತ್ತು.

ಕಡೂರಿನಿಂದ ಅಜ್ಜಂಪುರಕ್ಕೆ ಬೀರೂರಿನ ಮೇಲೆ ರೈಲುಹಳಿಯ ಪಕ್ಕದಲ್ಲಿ ಹೋಗುವ ತಂತಿಯಿತ್ತು. ಅದು ಕೆಟ್ಟರೆ ತರೀಕೆರೆಗೆ ಹೋಗಿ, ಅಲ್ಲಿಂದ ಅಜ್ಜಂಪುರಕ್ಕೆ ಸುತ್ತಬೇಕು. ಸುತ್ತಿ ಹೋದ ಮಾತು ಬಡವಾಗಿಬಿಡುತ್ತಿತ್ತು. ಆಗ ತರೀಕೆರೆಯ ಆಪರೇಟರ್ ನಡುವೆ ಕೂತು ಎರಡು ಕಡೆಯ ಮಾತನ್ನೂ ತನ್ನ ಬಾಯಿಂದ ದಾಟಿಸುತ್ತಿದ್ದ. ಅವನದು ಭಾರಿ ಗಂಟಲು, ಯಾವಾಗಲೂ ಗೊಣಗುವ ಸ್ವಭಾವ. ಯಾರದೋ ಗಂಡ ಹೆಂಡತಿಯ ಜಗಳವನ್ನೂ ಅವನು ಎರಡೂ ಕಡೆಗೆ ದಾಟಿಸಿ, ಕೊನೆಗೆ "ಥೂ, ನನ್ನ ಬಾಯಲ್ಲಿ ಏನೇನು ಹೇಳಿಸ್ತೀರ್ರೀ" ಎನ್ನುತ್ತಿದ್ದ. ಆ ತಂತಿಯ ಆ ತುದಿಯಲ್ಲಿ, ಅಜ್ಜಂಪುರದ ಬೋರ್ಡಿನ ಮುಂದೆ ಕೂತಿದ್ದವಳು ನಮ್ಮ ಅಕ್ಕ.

ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತೆಂಗಿನ ತೋಟವಿದ್ದ ಮನೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದುಕೊಂಡು, ಇವಳನ್ನು ಒಂದು ಟ್ರಂಕಿನ ಜೊತೆ ಕಡೂರಿಗೆ ತಂದು ಬಿಟ್ಟುಹೋದ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅಮ್ಮ ಅಳಲಿಲ್ಲ. ಲಿಂಗಪೂಜೆ ಮುಗಿಸಿ ಎದ್ದು, "ಇನ್ನೊಬ್ರ ಮನೆ ಜಗಲಿ ಸಾರ್ಸಿದ್ದು ಸಾಕು, ಪರೀಕ್ಷೆ ಕಟ್ಟೇ" ಎಂದಳು. ಅಕ್ಕ ಪರೀಕ್ಷೆ ಕಟ್ಟಿದಳು, ನನಗಿಂತ ಚೆನ್ನಾಗಿ ಪಾಸು ಮಾಡಿದಳು, ಅಜ್ಜಂಪುರದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಹಿಡಿದಳು. ಒಂಟಿ ಹೆಂಗಸು ಎಂದು ಮೊದಮೊದಲು ಕಣ್ಣು ಹಾಯಿಸಿದ ಊರು ಆಮೇಲೆ "ಎಕ್ಸ್‌ಚೇಂಜ್ ಅಮ್ಮ" ಎಂದು ಕೈಮುಗಿಯತೊಡಗಿತು. ಭಾನುವಾರ ಬೋರ್ಡಿಗೆ ರಜ. ಅವತ್ತು ಮೊದಲ ಬಸ್ಸಿಗೆ ಕಡೂರಿಗೆ ಬಂದು ಅಮ್ಮನಿಗೆ ಎಣ್ಣೆ ಒತ್ತಿ ನೀರು ಹಾಕುವಳು. ಅಮ್ಮ ವಾರವೆಲ್ಲ ಕಾಯುತ್ತಿದ್ದದ್ದು ಆ ಒಂದು ಬೆಳಗಿಗೆ. ನಾನು ಮನೆಯಲ್ಲೇ ಇರುವ ಮಗ, ನನ್ನನ್ನು ಯಾರು ಕಾಯುತ್ತಾರೆ!

ಅಕ್ಕನ ಕಿವಿ ಕೆಡುತ್ತಿರುವುದನ್ನು ಮೊದಲು ಕಂಡುಹಿಡಿದವಳು ಅಮ್ಮ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ತರೀಕೆರೆಯಲ್ಲಿ ಗುಟ್ಟಾಗಿ ಡಾಕ್ಟರಿಗೆ ತೋರಿಸಿದೆವು. ಎಡಗಿವಿ ಪೂರಾ ಹೋಗಿದೆ, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ, ಔಷಧಿಯಿಲ್ಲ ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದಳು: "ಕಿವಿ ಕೇಳದ ಆಪರೇಟರ್‌ನ ಯಾರೋ ಇಟ್ಕತಾರೆ? ಆ ಕುರ್ಚಿ ಹೋದ್ರೆ ನಂಗೆ ನಿಂತ್ಕೊಳಕ್ಕೂ ಜಾಗ ಇಲ್ಲ ಕಣೋ. ಯಾರ್ಗಾದ್ರೂ ಬಾಯಿ ಬಿಟ್ಯೋ, ನಿನ್ನ ಮುಖ ನೋಡಲ್ಲ."

ಬಾಯಿ ಬಿಡದೆ ಇರಲಾಗಲಿಲ್ಲ, ತರೀಕೆರೆಯವನಿಗೆ ಹೇಳಿದೆ. ಅವನು ಗೊಣಗಲಿಲ್ಲ. "ಅದಕ್ಕೇನಂತೆ, ನನ್ನ ಗಂಟ್ಲು ಯಾತಕ್ಕಿರೋದು" ಎಂದ. ಆವತ್ತಿನಿಂದ ನಾವು ಮೂವರೇ ಬಲ್ಲ ಒಂದು ಪದ್ಧತಿ ಶುರುವಾಯಿತು. ನಂಬರನ್ನು ಬಾಯಲ್ಲಿ ಹೇಳುವ ಜೊತೆಗೆ ಹಿಡಿ ತಿರುಗಿಸಿ ಗಂಟೆಯಲ್ಲೂ ಹೊಡೆಯುತ್ತಿದ್ದೆವು. ಗಂಟೆಯ ಮೇಲೆ ಬೆರಳಿಟ್ಟರೆ ಅಕ್ಕನಿಗೆ ಅದರುವುದು ತಿಳಿಯುತ್ತಿತ್ತು. ತಂತಿ ಸಮಾಚಾರವಿದ್ದರೆ ಎಷ್ಟು ಪದ ಎಂದು ಮೊದಲು ಹೇಳಿ, ಆಮೇಲೆ ಒಂದೊಂದೇ ಪದ. ಅಕ್ಕ ಪ್ರತಿ ಪದವನ್ನೂ ತಿರುಗಿ ಒಪ್ಪಿಸಬೇಕು. ಕೊನೆಗೆ ಎಣಿಸಿ ನೋಡಿ, ಪದ ಕಮ್ಮಿ ಬಿದ್ದರೆ ಮತ್ತೆ ಮೊದಲಿನಿಂದ. ಹೀಗೆ ಅವಳು ವರ್ಷಗಟ್ಟಲೆ ಒಂದು ತಪ್ಪಿಲ್ಲದೆ ದಾಟಿಸಿದಳು. ಕಿವಿ ನೆಟ್ಟಗಿದ್ದ ನಾನೇ ಎಷ್ಟೋ ಸಲ ಎಡವುತ್ತಿದ್ದೆ.

ಎಡವಟ್ಟಾಗಿದ್ದು ಮನೆಯ ಮಾತಿನಲ್ಲಿ. ನಮ್ಮ ಕಡೆ ಯಾರಾದರೂ ಮಾತಾಡುತ್ತಿದ್ದರೆ ಕೇಳುವವರು ಹ್ಞೂಂಗುಟ್ಟಬೇಕು. ಹ್ಞೂಂ ಬರದಿದ್ದರೆ ಹೇಳುವವರಿಗೆ ಅವಮಾನ. "ಏನೇ, ಗೋಡೆ ಜೊತೆ ಮಾತಾಡ್ತಿದೀನಾ?" ಎಂದು ಅಮ್ಮನೇ ಎಷ್ಟು ಸಲ ರೇಗಿಲ್ಲ! ಅದಕ್ಕೆ ನಾವು ಅಕ್ಕಿ ಆರಿಸುತ್ತಲೋ ಬೇರೇನೋ ಯೋಚಿಸುತ್ತಲೋ ಹ್ಞೂಂ ಅನ್ನುತ್ತಿರುತ್ತೇವೆ. ನಾನು ಇಲ್ಲಿದ್ದೇನೆ ಎನ್ನುವುದಕ್ಕೆ ಆ ಹ್ಞೂಂ, ತಿಳಿಯಿತು ಎನ್ನುವುದಕ್ಕಲ್ಲ. ಕೆಲಸದ ಮಾತನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದ ಅಕ್ಕ, ನಾನು ಮನೆಯ ವಿಷಯ ತೆಗೆದೊಡನೆ ಈ ಹ್ಞೂಂಗೆ ಇಳಿಯುತ್ತಿದ್ದಳು. "ಮನೆ ಮಾತ್ನೂ ತಿರುಗಿ ಹೇಳೇ" ಎಂದು ಒಂದು ಭಾನುವಾರ ಗದರಿದೆ. ಅವಳು ನಕ್ಕುಬಿಟ್ಟಳು. "ಊಟ ಆಯ್ತಾ ಅಂತ ನೀನು ಕೇಳಿದ್ರೆ, ಊಟ ಆಯ್ತಾ ಅಂತ ನಾನೂ ಒಪ್ಪಿಸ್ಲಾ? ಗಿಳಿ ಸಾಕಿದೀಯೇನೋ? ತಮ್ಮನ ಹತ್ರಾನೂ ಡ್ಯೂಟಿ ಮಾಡ್ಬೇಕಾ ನಾನು?" ಅಮ್ಮನೂ ನಕ್ಕಳು. ಮಾತು ಅಲ್ಲಿಗೆ ಬಿತ್ತು.

ಆ ವರ್ಷದ ಆಷಾಢದ ಗಾಳಿ ಬೀರೂರಿನ ಆಚೆ ಕಂಬಗಳನ್ನು ಉರುಳಿಸಿತು. ಅಜ್ಜಂಪುರದ ನೇರ ತಂತಿ ಸತ್ತು ಬಿದ್ದಿತ್ತು, ಏನಿದ್ದರೂ ತರೀಕೆರೆಯ ಮೇಲೆ. ಅದೇ ವಾರ ಇನ್‌ಸ್ಪೆಕ್ಟರ್ ಅಜ್ಜಂಪುರಕ್ಕೆ ಬರುವ ಸುದ್ದಿ ಬಂತು. ಆಪರೇಟರಮ್ಮನಿಗೆ ಕಿವಿ ಮಂದ ಎಂದು ಯಾರೋ ಪುಣ್ಯಾತ್ಮ ಮೇಲಿನವರ ಕಿವಿಗೆ ಹಾಕಿದ್ದ. ಶನಿವಾರ ಇಡೀ ದಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರಂತೆ. ಶುಕ್ರವಾರ ಸಂಜೆ ಬೋರ್ಡ್ ಮುಚ್ಚುವ ಮೊದಲು ಅಕ್ಕ ತರೀಕೆರೆಯವನ ಮೂಲಕ ನನಗೆ ಹೇಳಿಸಿದಳು: "ನಾಳೆ ಗಂಟೆ ಲೆಕ್ಕ ಬೇಡ, ಅನುಮಾನ ಬರುತ್ತೆ. ಪ್ರಾಣ ಹೋದ್ರೂ ನಾನು ಯಾರ್ನೂ ಇನ್ನೊಂದ್ಸಲ ಹೇಳಿ ಅಂತ ಕೇಳಲ್ಲ."

ಆ ರಾತ್ರಿಯೇ ಅಮ್ಮನಿಗೆ ಎದೆನೋವು ಶುರುವಾಯಿತು. ಬೆಳಿಗ್ಗೆ ಬಂದ ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು, ಬರಬೇಕಾದವರನ್ನು ಕರೆಸಿಕೊಳ್ಳಿ ಎಂದರು. ಅಮ್ಮನಿಗೂ ತಿಳಿದಿತ್ತು. "ಅವಳ್ನ ಕರ್ಸೋ. ಒಂದ್ಸಲ ನೋಡ್ಬಿಡ್ತೀನಿ" ಎಂದಳು. ಎಕ್ಸ್‌ಚೇಂಜಿಗೆ ಓಡಿದೆ. ಡ್ಯೂಟಿಯಲ್ಲಿದ್ದವನನ್ನು ಎಬ್ಬಿಸಿ ನಾನೇ ಕೂತು ತರೀಕೆರೆಗೆ ಹೊಡೆದೆ. ನನ್ನ ದನಿ ಅಜ್ಜಂಪುರದವರೆಗೆ ಏರಲಿಲ್ಲ. "ನೀನು ಬಿಡು, ನಾನು ಹೇಳ್ತೀನಿ" ಎಂದು ತರೀಕೆರೆಯವನು ತನ್ನ ಆ ಭಾರಿ ಗಂಟಲಲ್ಲಿ ಕೂಗಿದ: "ತಂಗೀ, ನಿಮ್ಮಮ್ಮಂಗೆ ತುಂಬಾ ಜೋರಾಗಿದೆ. ನಿನ್ನೇ ಕೇಳ್ತಿದಾರೆ. ಮಧ್ಯಾಹ್ನದ ಗಾಡಿಗೆ ಬಂದ್ಬಿಡು." ಒಂದು ಗಳಿಗೆ ಬರೀ ತಂತಿಯ ಗುಯ್ ಸದ್ದು. ಆಮೇಲೆ ದೂರದಿಂದ, ತೆಳ್ಳಗೆ, ನನಗೂ ಕೇಳಿಸಿತು: "ಹ್ಞೂಂ. ಹ್ಞೂಂ. ಸರಿ."

"ಹ್ಞೂಂ ಅಂದ್ಲು ಕಣಪ್ಪಾ" ಎಂದ ತರೀಕೆರೆಯವನು. ನಾನು ಮನೆಗೆ ಓಡಿದೆ.

ಮಧ್ಯಾಹ್ನದ ಗಾಡಿಗೆ ಅಕ್ಕ ಬರಲಿಲ್ಲ. ಮತ್ತೆ ಎಕ್ಸ್‌ಚೇಂಜಿಗೆ ಹೋದೆ. ತರೀಕೆರೆಯವನೂ ಕಂಗಾಲಾಗಿದ್ದ. "ಆ ಇನ್‌ಸ್ಪೆಕ್ಟರ್ ಬಿಟ್ಟಿಲ್ವೇನೋ. ಮತ್ತೆ ನಾನು ಅಷ್ಟು ಜೋರಾಗಿ ಕೂಗಿದ್ರೆ ಅವಳ ಕಿವಿ ವಿಚಾರ ಬಯಲಿಗೆ ಬೀಳುತ್ತೆ. ಸುದ್ದಿ ಮುಟ್ಟಿದೆಯಲ್ಲ, ಅವ್ಳೇ ಒಪ್ಕಂಡಿದಾಳಲ್ಲ. ಬತ್ತಾಳೆ ಬಿಡು" ಎಂದ. ಅವನ ಮಾತು ನ್ಯಾಯವಾಗಿಯೇ ಇತ್ತು. ನನಗೆ ಮಾತ್ರ ಅಕ್ಕನ ಮೇಲೆ ಕೆಂಡದಂಥ ಸಿಟ್ಟು ಬಂತು. ಇನ್‌ಸ್ಪೆಕ್ಟರಿಗೆ ನಮ್ಮಮ್ಮ ಸಾಯ್ತಿದಾಳೆ ಅಂತ ಹೇಳಿ ಎದ್ದು ಬರಲು ಇವಳಿಗೇನು ಧಾಡಿ? ಹೆತ್ತವಳಿಗಿಂತ ಕುರ್ಚಿ ಹೆಚ್ಚಾಯಿತೇ? ದಾರಿಯುದ್ದಕ್ಕೂ ಬಾಯಿಗೆ ಬಂದದ್ದು ಬೈದುಕೊಂಡು ಬಂದೆ.

ಬಾಗಿಲು ಕಿರ್ ಎಂದಾಗಲೆಲ್ಲ ಅಮ್ಮ ಕಣ್ಣು ತೆರೆಯುತ್ತಿದ್ದಳು. "ಬಂದ್ಲಾ?"

"ದಾರೀಲಿದಾಳೆ ಕಣಮ್ಮಾ."

"ಬಿಸಿಲಲ್ಲಿ ನಡ್ಕೊಂಡ್ ಬರ್ತಾಳೆ, ನೀರ್ ಕಾಯ್ಸಿಡು" ಎಂದಳು. ಆಷಾಢದ ಮೋಡ ಕವಿದು ಗಾಳಿ ಬೀಸುತ್ತಿತ್ತು, ಹೊರಗೆ ಬಿಸಿಲೇ ಇರಲಿಲ್ಲ. ಆದರೂ ನೀರು ಕಾಯಿಸಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಅಮ್ಮ ಇನ್ನೊಂದು ಸಲ ಬಾಗಿಲ ಕಡೆ ನೋಡಿದಳು. ಆ ಸಲ ಏನೂ ಕೇಳಲಿಲ್ಲ. ಆಮೇಲೆ ನೋಡಲೂ ಇಲ್ಲ.

ಅಷ್ಟರಲ್ಲಿ ಅಜ್ಜಂಪುರದ ಬೋರ್ಡ್ ಮುಚ್ಚಿಯಾಗಿತ್ತು. ಮುಚ್ಚಿದ ಬೋರ್ಡಿಗೆ ಯಾವ ದಾರಿಯಿಂದ ಹೊಡೆದರೂ ಒಂದೇ. ಬೆಳಗಿನ ಮೊದಲ ಬಸ್ಸಿಗೆ ಬಂದೇ ಬರುತ್ತಾಳೆ, ಅವಳು ಬಂದ ಮೇಲೆ ಮಣ್ಣು ಮಾಡೋಣ ಎಂದರು ಹಿರಿಯರು. ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದರು. ನಾನು ಬೆಳಗಾಗುವುದನ್ನೇ ಕಾದು ಬಸ್‌ಸ್ಟ್ಯಾಂಡಿಗೆ ಹೋದೆ. ಅಕ್ಕನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಮಸೆದಿಟ್ಟುಕೊಂಡಿದ್ದೆ. ಈ ಜನ್ಮದಲ್ಲಿ ಮರೆಯಬಾರದು, ಹಾಗೆ ಹೇಳಬೇಕು ಎಂದುಕೊಂಡಿದ್ದೆ.

ಬಸ್ಸು ಬಂತು. ಅಕ್ಕ ಮುಂದಿನ ಬಾಗಿಲಿಂದ ಇಳಿದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಚೀಲ, ಚೀಲದ ಬಾಯಲ್ಲಿ ಅಮ್ಮನ ತಲೆಗೆ ಅರೆಯಲೆಂದು ಕಿತ್ತ ದಾಸವಾಳದ ಎಲೆ. ನನ್ನನ್ನು ಕಂಡು ಮುಖ ಅರಳಿತು. ಅಷ್ಟು ದೊಡ್ಡದಾಗಿ ಅವಳು ನಕ್ಕಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. "ಪಾಸಾದೆ ಕಣೋ!" ಎಂದಳು. "ದಿನ ಪೂರ್ತಿ ಪಕ್ಕದಲ್ಲೇ ಕೂತಿದ್ರು. ಊರೊಳಗಿನ ನಂಬರೆಲ್ಲ ಬಲಗಿವೀಲೇ ಹಿಡ್ದೆ, ಒಬ್ಬರ್ನೂ ಇನ್ನೊಂದ್ಸಲ ಕೇಳ್ಲಿಲ್ಲ. ಎಲ್ಲಾ ಕೇಳ್ಸುತ್ತೆ ಇವ್ರಿಗೆ ಅಂತ ಬರ್ಕೊಂಡು ಹೋದ್ರು. ನೀವಿಬ್ರೂ ನಿನ್ನೆ ಬೆಳಿಗ್ಗೆ ಒಂದ್ಸಲ ಕರ್ದ್ರಲ್ಲ, ಧೈರ್ಯ ಹೇಳಕ್ಕೆ? ತರೀಕೆರೆ ಅಣ್ಣ ಏನೋ ಅಂತಿದ್ರು, ಅವ್ರ ಗಂಟ್ಲು ಅಂತ ಗೊತ್ತಾಯ್ತು, ಸುಮ್ನೆ ಹ್ಞೂಂ ಅಂದೆ. ಅಮ್ಮ ಎದ್ದಿದಾಳಾ?"

ಮಸೆದಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಎಲ್ಲಾದರೂ ಮೂಲೆಗೆ ಕರೆದುಕೊಂಡು ಹೋಗಿ ಹೇಳೋಣವೆಂದು ಸುತ್ತ ನೋಡಿದೆ. ಡ್ರೈವರು ಎಂಜಿನ್ ಆರಿಸಿರಲಿಲ್ಲ, ಕಂಡಕ್ಟರು ವಾಪಸು ಹೊರಡಲು ಬೀರೂರು ಬೀರೂರು ಎಂದು ಕೂಗುತ್ತಿದ್ದ. ಪಕ್ಕದ ಟೀ ಅಂಗಡಿಯಲ್ಲಿ ನಮ್ಮ ಇಲಾಖೆಯ ಲೈನ್‌ಮನ್ನುಗಳು ಲೋಟ ಹಿಡಿದು ನಿಂತಿದ್ದರು, ಅವರಲ್ಲೊಬ್ಬ ಅಜ್ಜಂಪುರದ ಕಡೆಯವನು.

ನಾನು ಮೆಲ್ಲಗೆ, "ಅಮ್ಮ ನಿನ್ನೆ ಸಂಜೆ ತೀರ್ಕೊಂಡ್ಲು ಕಣೇ" ಎಂದೆ.

ಅಕ್ಕ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಗು ಹಾಗೇ ಇತ್ತು. ಅಭ್ಯಾಸದಂತೆ ತಲೆಯಾಡಿಸಲು ಹೋಗಿ, ನನ್ನ ಕಣ್ಣು ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಚೀಲವನ್ನು ನೆಲದ ಮೇಲಿಟ್ಟಳು. ಟೀ ಅಂಗಡಿಯ ಕಡೆ ಒಮ್ಮೆ ನೋಡಿದಳು, ಅಲ್ಲಿ ನಿಂತವರು ಯಾರೆಂದು ಅವಳಿಗೆ ಗೊತ್ತಿತ್ತು. ಆಮೇಲೆ ತಲೆಯ ಸೆರಗನ್ನು ಬಲಗಿವಿಯಿಂದ ಹಿಂದಕ್ಕೆ ಸರಿಸಿ, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.

"ಕೇಳಿಸ್ಲಿಲ್ಲ ಕಣೋ" ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಇನ್ನೊಂದ್ಸಲ ಹೇಳು."

ಲೈನ್‌ಮನ್ನುಗಳು ಲೋಟ ಹಿಡಿದುಕೊಂಡೇ ಇತ್ತ ತಿರುಗಿದರು. ನಾನು ಅವಳ ಎರಡೂ ಭುಜ ಹಿಡಿದುಕೊಂಡು ಕೂಗಿ ಹೇಳಿದೆ.